ಇಡೀ ಪ್ಯಾಕೆಟ್ಟು, ಒಂದೇ ಲೋಟ

ಚಮಚ ಮೊಮ್ಮಗಳ ತುಟಿಗೆ ತಾಗುವ ಮೊದಲೇ ನಾಗಮ್ಮ ನನ್ನ ಕೈ ಹಿಡಿದರು. ನಾಚಾರಂನ ನಮ್ಮ ಮನೆಯೆದುರು ಏಳುತ್ತಿರುವ ಕಟ್ಟಡಕ್ಕೆ ಇಟ್ಟಿಗೆ ಹೊರುವ ಯಾದಗಿರಿ ಕಡೆಯ ಹೆಂಗಸು. ನಮ್ಮ ನಲ್ಲಿಯಲ್ಲಿ ಕೊಡ ತುಂಬಿಸಲು ಬಂದಿದ್ದರು.

ಒಂದೂವರೆ ವರ್ಷದ ಕೂಸಿಗೆ ಬೆಳಗಿನಿಂದ ಭೇದಿ. ಮಗಳು ಡ್ಯೂಟಿಗೆ ಹೋಗಿದ್ದಳು. ಗಟ್ಟಿಯಾಗಿದ್ದರೆ ಬೇಗ ನಾಟೀತೆಂದು ನಾನು ಓಆರ್‌ಎಸ್ ಪುಡಿಯ ಇಡೀ ಪ್ಯಾಕೆಟ್ಟನ್ನು ನಾಗಮ್ಮನ ಕಣ್ಣೆದುರೇ ಒಂದೇ ಲೋಟ ನೀರಿಗೆ ಸುರಿದಿದ್ದೆ.

"ಚೆಲ್ರಿ ಅದನ್ನ, ಅಣ್ಣಾರ. ಅದು ಒಂದು ಲೀಟರ್ ನೀರಿಗೆ ಐತಿ," ಎಂದರು. ಆಮೇಲೆ ದನಿ ತಗ್ಗಿಸಿ, "ನನ್ನ ಮಗಗ ನಾನೂ ಹಿಂಗ ಮಾಡಿದ್ದೆ. ಅವ ಉಳೀಲಿಲ್ಲ. ನನಗ ಓದಾಕ ಬರ್ತಿದ್ದಿಲ್ಲರಿ."

ಕೆಮ್ಮಿನ ಔಷಧಿಯ ಎಕ್ಸ್‌ಪೈರಿ ದಿನಾಂಕವನ್ನೂ ಮೂರು ಸಲ ನೋಡುವವನು ನಾನು. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿದ್ದ ಆ ಒಂದು ಸಾಲನ್ನು ಮಾತ್ರ ಓದಿರಲಿಲ್ಲ.

ಲೀಟರ್ ಬಾಟಲಿಯಲ್ಲಿ ಅಳೆದು ಬೇರೆ ಕಲಸಿದೆವು. ನಾಗಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚ ಚಮಚವಾಗಿ ಕುಡಿಸಿದರು. ವಾಂತಿ ಮಾಡಿದಾಗ ಹತ್ತು ನಿಮಿಷ ಕಾದು ಮತ್ತೆ ಕುಡಿಸಿದರು. ಸಂಜೆಗೆ ಕೂಸು ಉಚ್ಚೆ ಹೊಯ್ದು ಅವರ ಸೀರೆ ಒದ್ದೆ ಮಾಡಿತು. "ಇನ್ನ ಚಿಂತಿಲ್ಲ ಬಿಡ್ರಿ," ಎಂದು ಎದ್ದರು.

ನಾಗಮ್ಮ ತಮ್ಮ ತಪ್ಪನ್ನು ಗುರುತಿಲ್ಲದ ನನಗೆ ಹೇಳಿದರು. ನನ್ನದನ್ನು ನಾನು ಹೆತ್ತ ಮಗಳಿಗೇ ಇನ್ನೂ ಹೇಳಿಲ್ಲ.