ಸೂತಕವಿಲ್ಲದ ಮನೆಯಲ್ಲಿ ನಿಂತ ಮುಟ್ಟು

ನಮ್ಮ ಮನೆಯಲ್ಲಿ ಮುಟ್ಟಿಗೆ ಸೂತಕವಿಲ್ಲ. ಕೊರಳಲ್ಲಿ ಲಿಂಗವಿರುವ ಮೈಗೆ ಮೈಲಿಗೆ ತಾಗುವುದಿಲ್ಲವೆಂದು ಶರಣರ ಕಾಲದಿಂದ ನಂಬಿ ಬಂದ ಮನೆತನ ನಮ್ಮದು. ಬೆಳಗಾವಿಯ ಟ್ರೇನಿಂಗ್ ಸಾಲೆಯ ವಾದಸಭೆಯಲ್ಲಿ ಇದೇ ವಿಷಯ ಹಿಡಿದು ನಾನು ಎದುರು ಪಕ್ಷದವರ ಬಾಯಿ ಮುಚ್ಚಿಸಿದ್ದೆ. ಮೂರು ದಿನ ಹೆಂಗಸರನ್ನು ಕೊಟ್ಟಿಗೆಯ ಬದಿಗೆ ಕೂರಿಸುವ ಮನೆಗಳನ್ನು ಚೆನ್ನಾಗಿ ಝಾಡಿಸಿದ್ದೆ. ವಾದ ಇಂದಿಗೂ ಸರಿಯೇ. ಆದರೆ ಆ ಹೆಮ್ಮೆಯ ಮರೆಯಲ್ಲಿ ನಮ್ಮ ಮನೆಯೊಳಗೇ ಏನು ನಡೆದಿತ್ತೆಂಬುದು ವೇದಿಕೆಯ ಮೇಲೆ ನಿಂತವಳಿಗೆ ಹೇಗೆ ಕಾಣಬೇಕು?

ಟ್ರೇನಿಂಗ್ ಮುಗಿಸಿ, ಗೋಕಾಕದ ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿಯ ಹುಕುಮು ಬರುವ ತನಕ ಮೂಡಲಗಿಯ ಮನೆಯಲ್ಲಿರಲು ಬಂದಿದ್ದೆ. ಬೇಸಿಗೆ. ಬಂದ ದಿನವೇ ಅವ್ವ ಶೇಂಗಾ ಸುಲಿಯುತ್ತ ಮಾತು ತೆಗೆದಳು.

“ಹುಕ್ಕೇರಿ ಕಡೆ ಒಂದ ಹುಡಿಗಿ ಐತಂತ. ನಿಮ್ಮಣ್ಣಗ ಎರಡನೇದು ಮಾಡೂಣಂತ.”

“ಮೊದಲನೇದು ಎಲ್ಲಿ ಹೋತು?”

“ಎಲ್ಲಿ ಹೋಗ್ತಾಳ, ಇಲ್ಲೇ ಇರ್ತಾಳ. ಯಾರ ಹೊರಗ ಹಾಕಾಕತ್ತಾರ? ಇಷ್ಟ ವರ್ಷಾದ್ರೂ ಹಡೀಲಿಲ್ಲ ಅಂದ್ರ ಏನ ಮಾಡೂದು? ವಾದಾ ಮಾಡಬ್ಯಾಡ ಪೋರಿ. ದಾರಿ ಇದ್ರ ಹೇಳು.”

ಒಳಗೆ ಅಡಿಗೆಮನೆಯಲ್ಲಿ ವೈನಿ ಹಿಟ್ಟು ಸಾಣಿಸುತ್ತಿದ್ದರು. ಅವರು ನನ್ನ ಅಣ್ಣನ ಹೆಂಡತಿ, ಮಸಗುಪ್ಪಿಯ ಮನೆಮಗಳು, ನನಗಿಂತ ಎರಡೇ ವರ್ಷಕ್ಕೆ ಹಿರಿಯರು. ನಮ್ಮ ಮಾತು ಅವರಿಗೆ ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಸಾಣಿಗೆಯ ಸಪ್ಪಳ ಮಾತ್ರ ಎಲ್ಲೂ ತಪ್ಪಲಿಲ್ಲ. ಆ ಸಪ್ಪಳ ನನ್ನನ್ನು ಹೆದರಿಸಿತು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಬೀಸುಕಲ್ಲಿನ ಮುಂದೆ ಅವರ ಎದುರು ಹೋಗಿ ಕುಳಿತೆ. ಗೂಟಕ್ಕೆ ಕೈ ಹಾಕಿದಾಗ ಅವರ ಬಳೆಗಳು ಜಾರಿ ಮೊಳಕೈ ಮುಟ್ಟಿದವು. ಮೈ ಅಷ್ಟು ಇಳಿದಿತ್ತು. ಬೇಸಿಗೆಯಲ್ಲೂ ಬೆರಳು ತಣ್ಣಗಿದ್ದವು. ಸುತ್ತಿ ಬಳಸಿ ಕೇಳುವುದು ನನಗೆ ಬಾರದು.

“ವೈನಿ, ತಿಂಗಳಾ ತಿಂಗಳಾ ಮುಟ್ಟಾಗ್ತೀರೇನು?”

ಕಲ್ಲು ನಿಂತಿತು. “ಅದನ್ನ ಯಾಕ ಕೇಳ್ತಿ?”

“ಯಾರೂ ಕೇಳಿಲ್ಲ ಅಂತ ಕೇಳಾಕತ್ತೇನಿ.”

ಹಿಟ್ಟು ಒಟ್ಟುಮಾಡುತ್ತ ಹೇಳಿದರು. “ದೀಪಾವಳಿ ಮುಂದ ಆಗಿದ್ದು. ಆಮ್ಯಾಲ ಇಲ್ಲ. ಅದಕ್ಕೂ ಮೊದಲ ಹಂಗ ಒಮ್ಮಿ ನಿಂತಿತ್ತು. ಆವಾಗ ಅತ್ತಿಯಾರಿಗೆ ಹೇಳಿದ್ದೆ. ಬಸರಂತ ತಿಳದು ಓಣಿಗೆಲ್ಲಾ ಸಕ್ಕರಿ ಹಂಚಿದ್ರು. ಆಮ್ಯಾಲ ಏನೂ ಇಲ್ಲಂತ ಗೊತ್ತಾದಾಗ ಬೈದಿದ್ದು ಇನ್ನೂ ಕಿವ್ಯಾಗ ಐತಿ. ಅದಕ ಈ ಸಲ ಬಾಯಿ ಬಿಟ್ಟಿಲ್ಲ.”

“ಆವಾಗ ಬೈಸಿಕೊಂಡ ಮ್ಯಾಲ ಏನ ಮಾಡಿದ್ರಿ?”

“ಏನ ಮಾಡೂದು? ಮಕ್ಕಳಾಗಲಂತ ಸೋಮಾರ ಉಪಾಸ ಹಿಡದೆ. ಗುರುವಾರ ಹಿಡದೆ. ಅಮಾಸಿ ದಿನಾ ನೀರಷ್ಟ.”

ಬಾಜೂ ಮನೆಯಲ್ಲಿ ಮೂರು ದಿನ ಹೊರಗೆ ಕೂರುವ ಪದ್ಧತಿ ಇತ್ತು. ಆ ಮನೆಯ ಸೊಸೆಯ ತಿಂಗಳು ಒಂದು ವಾರ ತಪ್ಪಿದರೂ ಓಣಿಗೆ ಗೊತ್ತಾಗುತ್ತಿತ್ತು. ನಮ್ಮಲ್ಲಿ ಯಾರೂ ಹೊರಗೆ ಕೂರುವುದಿಲ್ಲ. ಹಾಗಾಗಿ ಆದದ್ದೂ ತಿಳಿಯುವುದಿಲ್ಲ, ಆಗದ್ದೂ ತಿಳಿಯುವುದಿಲ್ಲ. ಇನ್ನೊಂದು ಮಾತು ಇದಕ್ಕಿಂತ ಕಹಿ. ಬಾಜೂ ಮನೆಯವಳು ತಣ್ಣಗಿನ ಅನ್ನ ತಿಂದು ಅವಮಾನ ಉಂಡರೂ ಆ ಮೂರು ದಿನ ಬೀಸುತ್ತಿರಲಿಲ್ಲ, ನೀರು ಹೊರುತ್ತಿರಲಿಲ್ಲ. ನಮ್ಮ ವೈನಿ ಮುಟ್ಟಾದಾಗಲೂ ಹೊಟ್ಟೆನೋವನ್ನು ಹಲ್ಲು ಕಚ್ಚಿ ತಡೆದುಕೊಂಡು ಹಳ್ಳದಿಂದ ಕೊಡ ಹೊತ್ತು ತರುತ್ತಿದ್ದರು. ಹೊರಗೆ ಕೂರಿಸುವುದನ್ನು ಬಿಟ್ಟ ನಮ್ಮ ಹಿರಿಯರು ಮಲಗಲು ಬಿಡುವುದನ್ನೂ ಬಿಟ್ಟಿದ್ದರು.

ಬೋರ್ಡಿಂಗಿನ ಮೊದಲ ವರ್ಷ ನನಗೆ ನೆನಪಿತ್ತು. ಸಾರು ನೀರು, ರೊಟ್ಟಿ ಎಣಿಕೆ, ಪರೀಕ್ಷೆಯ ನಿದ್ದೆಗೇಡು. ನಮ್ಮಲ್ಲಿ ಹಲವರಿಗೆ ಮುಟ್ಟು ನಿಂತುಹೋಗಿತ್ತು. ಸೂಟಿಗೆ ಊರಿಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದ ಮೇಲೆ ಹೆಚ್ಚಿನವರಿಗೆ ತಾನಾಗಿ ಬಂತು. ಇದು ಪುರಾವೆಯಲ್ಲ, ನನಗೆ ಗೊತ್ತು. ಎದುರು ಪಕ್ಷದಲ್ಲಿ ನಾನೇ ಇದ್ದಿದ್ದರೆ ಇದನ್ನು ಎರಡು ನಿಮಿಷದಲ್ಲಿ ಕೆಡವುತ್ತಿದ್ದೆ. ಆದರೆ ಹುಕ್ಕೇರಿಯ ಹುಡುಗಿಗೆ ಸೀರೆ ತರುವ ಮೊದಲು ಪರೀಕ್ಷೆ ಮಾಡಿ ನೋಡಲು ಇಷ್ಟು ಸಾಕಲ್ಲವೇ?

ಅಂದು ಸಂಜೆ ವೈನಿಯ ತಿಂಗಳು ನಿಂತ ವಿಷಯ ಅವ್ವನಿಗೆ ಹೇಳಿ, ಪಡಸಾಲೆಯಲ್ಲಿ ಅಪ್ಪನ ಮುಂದೆ ಹೋಗಿ ನಿಂತೆ. ಅಪ್ಪನಿಗೆ ನನ್ನ ವಾದ ಕೇಳುವ ಚಟ. ಬಂದ ನೆಂಟರ ಮುಂದೆಲ್ಲ ನನ್ನನ್ನು ಮಾತಾಡಿಸುತ್ತಿದ್ದ. ವೈನಿಯ ಮೈ ಸರಿಯಿಲ್ಲವೆಂದು ನಾನು ತೆಗೆದ ಈ ವಿಷಯ ಮಾತ್ರ ಅವನಿಗೆ ಬೇಡವಾಗಿತ್ತು.

“ಹೆಂಗಸರ ಮಾತು ಅದು. ನಿಮ್ಮವ್ವನ ಕೂಡ ಮಾತಾಡು.”

“ಲಗ್ನದ ಮಾತು ಗಂಡಸರು ಆಡ್ತೀರಿ, ಅದರ ಕಾರಣ ಹೆಂಗಸರ ಮಾತೇನ್ರಿ? ಹೋದ ವರ್ಷ ನಮ್ಮ ಬೂದಿ ಎಮ್ಮಿ ಬಡಕಾಗಿ ಬೆದಿಗಿ ಬರಲಿಲ್ಲ. ಏನ ಮಾಡಿದ್ರಿ? ಬ್ಯಾರೆ ಎಮ್ಮಿ ತಂದ್ರೇನು?”

ಕಂಬಕ್ಕೆ ಒರಗಿ ಕೂತಿದ್ದ ಅಣ್ಣ ನೆಲ ನೋಡಿದ.

“ಹತ್ತಿಕಾಳು, ಹಿಂಡಿ ಹಾಕಿಸಿದ್ರಿ. ಗಾಣಕ್ಕ ಹೂಡಬ್ಯಾಡ್ರಿ, ನೆರಳಾಗ ಕಟ್ರಿ ಅಂದ್ರಿ.”

“ಎಮ್ಮಿ ಯಾರ ಗಾಣಕ್ಕ ಹೂಡ್ತಾರ?” ಎಂದ ಅಣ್ಣ. ಅಷ್ಟು ಹೊತ್ತಿನಲ್ಲಿ ಅವನಾಡಿದ್ದು ಅದೊಂದೇ ಮಾತು.

“ಹೂಡೂದಿಲ್ಲ, ಖರೆ. ಎಮ್ಮಿಗಿ ಅಷ್ಟರೆ ಪುಣ್ಯಾ ಐತಿ.”

ಅವ್ವ ಒಳಗಿಂದ ಬಂದಳು. “ಮನಿ ಸೊಸಿನ್ನ ದನಕ್ಕ ಹೋಲಸ್ತಿ ಏನ?”

“ದನದಷ್ಟರೆ ನೋಡ್ರಿ ಅಂತೇನಿ.”

“ನಾನೂ ಬೀಸೇನಿ. ನಾನೂ ಸೋಮಾರ ಮಾಡೇನಿ. ನಾಕ ಹಡದೇನಿ. ನನಗ ಯಾರ ಹತ್ತಿಕಾಳ ಹಾಕಿದ್ರು?”

ಸೊಗಸಾದ ಉತ್ತರ ಅದು. ಒರಟು ಉತ್ತರ ಕೊಟ್ಟು ಅವಳನ್ನು ಸೋಲಿಸಬಹುದಿತ್ತು, ಆದರೆ ನನಗೆ ಗೆಲುವು ಬೇಕಿರಲಿಲ್ಲ, ವೈನಿಗೆ ಊಟ ಬೇಕಿತ್ತು. “ಅವ್ವಾ, ನೀ ಒಂದ ಸೋಮಾರ ಬಿಟ್ಟ ಆರ ದಿನಾ ಉಂಡಿ. ನಿನ್ನ ಅತ್ತಿ ಬೆಣ್ಣಿ ಬಡಸ್ತಿದ್ಲಂತ ನೀನ ಹೇಳ್ತಿ. ಇವರ ಪಾಲಿಗೆ ಎಲ್ಲಾರೂ ಉಂಡ ಮ್ಯಾಲ ಬುಟ್ಟಿ ತಳದ್ದು. ಪಂಚಮಿ ತನಕಾ ನನ್ನ ಮಾತು ನಡೀಲಿ. ಏನೂ ಆಗಲಿಲ್ಲಂದ್ರ ಆ ಮ್ಯಾಲ ನಾ ಬಾಯಿ ತಗಿಯೂದಿಲ್ಲ.”

“ನೀ ಬಾಯಿ ತಗಿಯೂದಿಲ್ಲ ಅಂದ್ರ ಅದ ಒಂದ ಪವಾಡ,” ಎಂದು ಅಪ್ಪ ಎದ್ದ. ಬಾಗಿಲ ಬಳಿ ನಿಂತು ಹೇಳಿದ: “ಪಂಚಮಿ ತನಕಾ. ಹುಕ್ಕೇರಿಯವರಿಗೆ ಹಂಗ ಹೇಳಿ ಕಳಸ್ತೇನಿ.”

ಎಲ್ಲರಿಗಿಂತ ಗಟ್ಟಿಯಾಗಿ ಎದುರು ನಿಂತವರು ವೈನಿಯೇ. “ಸೋಮಾರ ಬಿಡಾಕ ಹೇಳಬ್ಯಾಡ ತಂಗಿ. ಶಿವಾ ಮುನದ್ರ ಇದ್ದದ್ದೂ ಹೋದೀತು.”

“ಲಿಂಗಕ್ಕ ತೋರಿಸಿದ ಮ್ಯಾಲ ಅದು ರೊಟ್ಟಿನೋ, ಪ್ರಸಾದನೋ?”

“ಪ್ರಸಾದ.”

“ಪ್ರಸಾದ ಒಲ್ಲೆ ಅನ್ನೂದು ಯಾವ ಊರ ಭಕ್ತಿ?”

ಅವರು ನನ್ನನ್ನು ದಿಟ್ಟಿಸಿ, “ನಿನ್ನ ಗಂಡ ಆಗಾಂವನ್ನ ಶಿವನ ಕಾಯಬೇಕು,” ಎಂದರು. ಆ ಸೋಮವಾರ ಉಂಡರು. ಅಳುತ್ತಲೇ ಉಂಡರು.

ಬೀಸುವುದನ್ನು ನಾನು ಹಂಚಿಕೊಂಡೆ. ಅಂಗೈಯಲ್ಲಿ ಗುಳ್ಳೆ ಎದ್ದವು. ಅವರು ನಮ್ಮೊಂದಿಗೇ ಕೂತು ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಗುರೆಳ್ಳಿನ ಚಟ್ನಿಪುಡಿ, ಮೊಸರು ಉಣ್ಣತೊಡಗಿದರು. ಮಧ್ಯಾಹ್ನ ಉಂಡ ಮೇಲೆ ಒಂದಿಷ್ಟು ಅಡ್ಡಾಗುವುದು, ಒಲೆ ಆರಿದ ಕೂಡಲೇ ಮಲಗುವುದು ಎಂದು ನಾನು ಕಟ್ಟುಮಾಡಿದೆ. ಅಂಟಿನುಂಡಿ ಮಾಡೋಣವೆಂದರೆ ಅವ್ವ ಅಂಟಿನ ಡಬ್ಬಿ ಎತ್ತಿ ಮೇಲಿಟ್ಟಳು. “ಅದು ಬಾಣಂತಿಗೆ. ಹಡದ ತಿನ್ನಲಿ.” ಹಡೆಯುವ ಮೊದಲು ಮೈಗೆ ಬಲ ಬೇಡವೇ ಎಂಬ ನನ್ನ ಪ್ರಶ್ನೆ ಆ ಡಬ್ಬಿಯ ಜೊತೆಗೇ ಮೇಲೆ ಕುಳಿತಿತು. ಎಳ್ಳು ಬೆಲ್ಲ ಕುಟ್ಟಿ ಉಂಡೆ ಕಟ್ಟಿದೆ.

ಕಾರಹುಣ್ಣಿಮೆ ಕಳೆಯಿತು. ಏನೂ ಇಲ್ಲ. ಮಳೆ ಬಂತು, ಬಿತ್ತಿಗೆ ಮುಗಿಯಿತು, ಆಗಲೂ ಏನೂ ಇಲ್ಲ. ಬೆರಳು ಬೆಚ್ಚಗಾಗಿದ್ದವು, ಕೆನ್ನೆ ಕೊಂಚ ತುಂಬಿತ್ತು. ಆದರೆ ನಾನು ಕೊಟ್ಟ ಮಾತು ಕೆನ್ನೆಯದಾಗಿರಲಿಲ್ಲ. ದಿನವೂ ಬೆಳಗಿನಲ್ಲಿ ಹೋಗಿ ಮುಖ ನೋಡುತ್ತಿದ್ದೆ. ಒಂದು ದಿನ ವೈನಿ ಬೀಸುಕಲ್ಲಿನ ಗೂಟ ಬಿಟ್ಟು ಸಿಡಿದರು.

“ಕೇಳೂದ ಬಿಡ್ತೀಯೇನ? ಅತ್ತಿಯಾರ ಕಾಟಾ ತಡದೇನಿ, ನಿಂದ ತಡಿಯಾಕ ಆಗವಲ್ದು. ನೀ ಸೋತ್ರ ಮಾತ ಸೋಲ್ತಿ. ನಾ ಸೋತ್ರ ಏನ ಸೋಲ್ತೇನಿ ಗೊತ್ತೈತೇನ?”

ಆಮೇಲೆ ನಾನು ಕೇಳಲಿಲ್ಲ. ಕೇಳದೆ ಇರುವುದು ಕೇಳುವುದಕ್ಕಿಂತ ಕಷ್ಟವಾಗಿತ್ತು.

ಪಂಚಮಿ ಇನ್ನೂ ಬಂದಿರಲಿಲ್ಲ. ಹುಕ್ಕೇರಿಯ ಹುಡುಗಿಯ ತಂದೆ ಮುಂಚೆಯೇ ಬಂದುಬಿಟ್ಟರು. ಅರಭಾವಿಗೆ ಎತ್ತು ನೋಡಲು ಬಂದಿದ್ದರಂತೆ, ಹಾಗೇ ಮನೆಯನ್ನೂ ನೋಡಿ ಹೋಗೋಣವೆಂದರಂತೆ. ಹುರಿಮೀಸೆಯ, ಮೆಲುದನಿಯ ರೈತ. ಅಪ್ಪ ಮುಜುಗರದಿಂದ ಜಮಖಾನೆ ಹಾಸಿಸಿದ. ಅವ್ವನ ಕಾಲು ನೆಲದ ಮೇಲಿರಲಿಲ್ಲ.

ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ವೈನಿ ನನ್ನ ತೋಳು ಹಿಡಿದರು. “ತಂಗಿ, ಮುಂಜಾನೆ ಆಗೇತಿ.”

ನಾನು ಕೂಗಿಯೇಬಿಡುತ್ತಿದ್ದೆ. ಹಿಂದೆಯೇ ಅವ್ವ ನಿಂತಿದ್ದಳು.

“ಆತೇನ? ಮುಗೀತಲ್ಲ ಹಂಗಾರ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ದುಃಖವಿತ್ತು. “ಇಷ್ಟ ದಿನಾ ನಿಂತೈತಿ ಅಂತ ಕೇಳಿ ಒಳಗೊಳಗ ಆಸೆ ಇತ್ತು ನನಗ. ಬಸರ ಅಲ್ಲಂತ ಆತು.”

“ಅವ್ವಾ, ಬಂದದ್ದ ಗೆಲುವು! ಮೈ ಮತ್ತ ದಾರಿಗಿ ಬಂತಂತ ಅರ್ಥ!”

“ನಿನ್ನ ಅರ್ಥಾ ನಿನ್ನ ಸಾಲ್ಯಾಗ ಹೇಳು. ತಾಟ ತಗೋ ಯವ್ವಾ,” ಎಂದು ಎಲೆ ಅಡಿಕೆಯ ತಾಟನ್ನು ವೈನಿಯ ಕೈಗೆ ಕೊಟ್ಟಳು.

ನಮ್ಮ ಬಳಗದಲ್ಲಿ ಎರಡನೆಯ ಸಂಬಂಧ ಕೂಡಿಸುವಾಗ ಮೊದಲನೆಯವಳು ಆ ತಾಟನ್ನು ಬೀಗರ ಮುಂದೆ ಇಡಬೇಕು. ಇಟ್ಟರೆ ಒಪ್ಪಿದಳೆಂದು ಅರ್ಥ. ಬಾಯಿಂದ ಅವಳನ್ನು ಯಾರೂ ಕೇಳುವುದಿಲ್ಲ. ನಾನು ಪಡಸಾಲೆಗೆ ನುಗ್ಗಿ ಮಾತು ತೆಗೆದೆ. ಅಪ್ಪ ಕೈಯೆತ್ತಿದ. “ಮಂದಿ ಮುಂದ ಸುಮ್ನಿರು.” ಮಂದಿಯ ಮುಂದೆ ಅಪ್ಪ ನನ್ನ ಬಾಯಿ ಮುಚ್ಚಿಸಿದ್ದು ಅದೇ ಮೊದಲು.

ವೈನಿ ಸೆರಗು ಹೊದ್ದು ಬಂದರು. ಜಮಖಾನೆಯ ಅಂಚಿನಲ್ಲಿ ನಿಂತರು. ತಾಟು ಕೈಯಲ್ಲೇ ಇತ್ತು.

“ಮಾವಾರ, ದೀಪಾವಳಿಯಿಂದ ನಿಂತ ಮುಟ್ಟು ನನಗ ಇವತ್ತ ಬಂದೈತ್ರಿ.”

ಅಣ್ಣ ತಟ್ಟನೆ ತಲೆ ಎತ್ತಿದ. ಗಂಡಸರು ಕೂತ ಪಡಸಾಲೆಯಲ್ಲಿ ಆ ಶಬ್ದ ಹಿಂದೆಂದೂ ಬಿದ್ದಿರಲಿಲ್ಲ.

“ಉಪಾಸ ಮಾಡಿದಾಗ ನಿಂತಿತ್ರಿ. ಉಂಡ ಮ್ಯಾಲ ಬಂತ್ರಿ. ನನಗ ಇನ್ನೂ ಉಣ್ಣೂದೈತ್ರಿ. ಮಕ್ಕಳಾಗ್ತಾವಂತ ನಾ ಹೇಳೂದಿಲ್ಲ, ಅದು ನನಗ ಗೊತ್ತಿಲ್ಲ. ಈ ಎಲಿ ಮಾತ್ರ ನಾ ಇಡೂದಿಲ್ರಿ.”

ಅಪ್ಪ ಅತಿಥಿಯ ಕಡೆ ನೋಡಿದ. ಆ ಮನುಷ್ಯ ರುಮಾಲಿನ ಅಂಚು ತೀಡಿದರು. ಕೊನೆಗೆ ಕೇಳಿದ್ದು ವೈನಿಯನ್ನು.

“ಏನೇನ ಉಪಾಸ ಮಾಡ್ತಿದ್ದಿ ತಂಗಿ?”

“ಸೋಮಾರ, ಗುರುವಾರ, ಅಮಾಸಿ.”

“ನನ್ನ ಮಗಳೂ ಸೋಮಾರ ಹಿಡದಾಳ,” ಎಂದರು ಅವರು. “ಚೊಲೋ ಮನಿ ಸಿಗಲಿ ಅಂತ.” ಮತ್ತೆ ಕೂರಲಿಲ್ಲ. ಕೋಲು ತೆಗೆದುಕೊಂಡರು. “ಬರ್ತೇನ್ರಿ ಗೌಡ್ರ. ಮಳಿ ಮೋಡ ಆಗೇತಿ.”

ಅವರ ಚಕ್ಕಡಿಯ ಸಪ್ಪಳ ದೂರವಾದ ಮೇಲೆ ಅವ್ವ ಅಪ್ಪನ ಕಡೆ ತಿರುಗಿದಳು. “ಬ್ಯಾರೆ ಕಡೆ ನೋಡೂಣು.”

“ಬ್ಯಾಡ,” ಎಂದ ಅಣ್ಣ. ಎಲ್ಲರೂ ತಿರುಗಿ ಅವನನ್ನು ನೋಡಿದೆವು. ಅವನು ಎದ್ದು ಹೊಲದ ಕಡೆ ಹೋದ.

ಒಂದು ಮೈಯಲ್ಲಿ ಆದದ್ದು ಎಲ್ಲ ಮೈಗಳ ನಿಯಮವಾಗುವುದಿಲ್ಲ. ಊಟದಿಂದ ಬಂತೋ, ನಿದ್ದೆಯಿಂದಲೋ, ಭಯ ಕಡಿಮೆಯಾದುದರಿಂದಲೋ ನಾನು ಆಣೆ ಮಾಡಿ ಹೇಳಲಾರೆ. ಆ ಹೊತ್ತಿಗೆ ಅದನ್ನು ಯೋಚಿಸುವ ತ್ರಾಣವೂ ನನಗಿರಲಿಲ್ಲ.

ವೈನಿ ತಾಟನ್ನು ಮೂಲೆಯಲ್ಲಿಟ್ಟರು. ಚಾಪೆ ತಂದು ಪಡಸಾಲೆಯ ನಡುವೆಯೇ ಹಾಸಿ, ಹೊಟ್ಟೆಗೆ ಮೊಣಕಾಲು ಮಡಚಿ ಮಲಗಿದರು. ಹಗಲು ಹೊತ್ತು, ಓಡಾಡುವ ದಾರಿಯಲ್ಲೇ, ಎಲ್ಲರ ಕಣ್ಣೆದುರಿಗೆ. ಅವ್ವನಿಗೆ ಒಲೆಯ ಕಡೆ ಹೋಗಬೇಕಿತ್ತು. ಚಾಪೆಯ ಬಳಿ ಬಂದು ನಿಂತಳು. ಅವಳು ಸೀರೆ ಎತ್ತಿ ಹಿಡಿದು, ಗೋಡೆಯ ಬದಿಯಿಂದ ಬಳಸಿ ಹೋದಳು.