ಇಡೀ ತಾಲ್ಲೂಕಿಗೊಂದೇ ಕೋಟು

ಫೋಟೋ ಕಾಕಾನ ಬಲಗೈಯ ಎರಡು ಬೆರಳು, ಉಗುರಿನಿಂದ ನಡುಗೆಣ್ಣಿನವರೆಗೆ, ಹುಣಸೆಹಣ್ಣು ಕಿವುಚಿ ಬಿಟ್ಟಂತೆ ಕಂದು ಬಣ್ಣಕ್ಕೆ ತಿರುಗಿದ್ದವು. ಫೋಟೋ ತೊಳೆಯುವ ಔಷಧಿಯ ಕಲೆ, ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಎದುರಿಗೆ ಯಾರೇ ಬಂದು ನಿಂತರೂ ಆ ಬೆರಳು ಬಂದವರ ಗದ್ದಕ್ಕೆ ಹೋಗಿ, ತುಸು ಎತ್ತಿ, ತುಸು ಎಡಕ್ಕೆ ತಿರುಗಿಸುತ್ತಿದ್ದವು. ಆಮೇಲೆಯೇ ಮಾತು. ತಹಶೀಲ್ದಾರರನ್ನೂ ಬಿಟ್ಟವರಲ್ಲ. ಹೆಣ್ಣುಮಕ್ಕಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವರಿಗೆಂದು ತುದಿಗೆ ಬಟ್ಟೆ ಸುತ್ತಿದ ಒಂದು ಬೆತ್ತ ಇಟ್ಟಿದ್ದರು. ಬಾಡಿಗೆಗೆ ಕೋಣೆ ಕೇಳಲು ಹೋದ ದಿನ ಆ ಬೆತ್ತ ನನ್ನ ಗದ್ದಕ್ಕೂ ಬಂತು.

ಕಾಲುವೆಯ ನೀರು ಸುರಪುರದ ಸೀಮೆಗೆ ಬಂದ ಹೊಸತು. ಊರ ತುಂಬ ಇಂಜಿನಿಯರುಗಳು, ಗುತ್ತೇದಾರರು. ಕೋಣೆ ಸಿಗುವುದೇ ಕಷ್ಟ. ನಾನು ಕೊಂಕಲ್ ಎಂಬ ಹಳ್ಳಿಯವಳು, ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದಿದ್ದೆ. ಮೂರು ಮನೆಯಲ್ಲಿ ಕೋಣೆ ತೋರಿಸಿ, ಆಮೇಲೆ "ನಿಮ್ಮ ಮಂದಿ ಯಾರ್ರಿ?" ಎಂದು ಕೇಳಿದ್ದರು. ಹೇಳಿದ ಕೂಡಲೇ ಮೂರು ಮನೆಗೂ ಯಾರೋ ನೆಂಟರು ಬರುವವರಿದ್ದರು. ಊರೆಲ್ಲ ಫೋಟೋ ಕಾಕಾ ಎಂದು ಕರೆಯುತ್ತಿದ್ದ ಈ ಮನುಷ್ಯ ಕೇಳಲಿಲ್ಲ. ಮುಂದೆ ಗೊತ್ತಾಗಿ ಮತ್ತೆ ಗಂಟುಮೂಟೆ ಕಟ್ಟುವುದು ಬೇಡವೆಂದು ನಾನೇ ಹೇಳಿದೆ.

"ಅದನ್ನ ಯಾರ್ ಕೇಳಿದ್ರು?" ಎಂದರು. "ಮುಂಜಾನಿ ಎಂಟರ ತನಕ ಬಚ್ಚಲಮನಿ ನಂದು. ಅದಕ್ಕ ಒಪ್ಪಿದ್ರ ಬರ್ರಿ."

ಸಂತೋಷದಲ್ಲಿ ಹಿಂದುಮುಂದು ನೋಡದೆ ಒಪ್ಪಿಕೊಂಡೆ. ಆರು ವರ್ಷ ಅನುಭವಿಸಿದೆ. ಆ ಬಚ್ಚಲೇ ಅವರ ಡಾರ್ಕ್ ರೂಮು. ಕಿಂಡಿಗೆ ಗೋಣಿಚೀಲ ಬಡಿದು, ಕೆಂಪು ಬಲ್ಬು ಹಾಕಿಕೊಂಡು ಒಳಗೆ ಸೇರಿದರೆ ಎಂಟು ಎಂಬುದು ಒಂಬತ್ತಾಗುತ್ತಿತ್ತು. ನಾನು ಬಕೆಟ್ ಹಿಡಿದು ಹೊರಗೆ ನಿಂತು ಬಾಗಿಲು ಬಡಿಯುವುದು, ಅವರು ಒಳಗಿನಿಂದ "ತೆಗದ್ರ ಒಂದ್ ಕುಟುಂಬನ ಕರ್ರಗಾಗ್ತದ" ಎನ್ನುವುದು. ನನ್ನ ನೀರಿನ ಹಂಡೆಯಲ್ಲಿ ಎಷ್ಟೋ ಸಲ ಯಾರದೋ ಮದುಮಕ್ಕಳು ತೇಲುತ್ತಿದ್ದರು. ಶಾಲೆಗೆ ತಡವಾಗಿ ಹೋಗಿ ಹೆಡ್‌ಮಾಸ್ತರರಿಗೆ ಏನು ಕಾರಣ ಹೇಳಲಿ?

ಗಿರಾಕಿಗಳ ಪಾಡೂ ಅಷ್ಟೇ. ಎಂಟು ದಿನದ ಕೆಲಸಕ್ಕೆ ಎರಡು ತಿಂಗಳು. ಫೋಟೋ ಕಾಕಾನಿಗೇ ಮೆಚ್ಚುಗೆಯಾದರೆ ಇನ್ನೂ ಕೇಡು: ಮುಂಬಾಗಿಲಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ತಿಂಗಳು ಇಟ್ಟು, ನೋಡಿ ತಣಿದ ಮೇಲೆಯೇ ಕೊಡುವುದು. ಮುಖದಲ್ಲಿ ನಗು ಕಂಡರಂತೂ ಬೈಗುಳ. "ನಗೂದು ಹೋಗ್ತದ, ಮಾರಿ ಉಳೀತದ. ಬಾಯಿ ಮುಚ್ರಿ."

ಮನೆಯ ಮುಂಭಾಗದ ಸ್ಟುಡಿಯೋದ ಗೋಡೆಗೆ ಅವರು ಹರೆಯದಲ್ಲಿ ಅಂಟಿಸಿದ ಜಾಹೀರಾತುಗಳಿದ್ದವು. ಸಾಬೂನು ಹಿಡಿದ ಹೆಂಗಸು, ಸೈಕಲ್ಲಿಗೆ ಒರಗಿದ ಗಂಡಸು, ರೇಡಿಯೋ ಸುತ್ತ ಚಹ ಕುಡಿಯುತ್ತಿರುವ ಸಂಸಾರ. ಬಣ್ಣವೆಲ್ಲ ಮಾಸಿ ಅವರೆಲ್ಲ ಒಂದೇ ಮನೆಯವರಂತೆ ಕಾಣುತ್ತಿದ್ದರು. ನಿಜಾಮರ ಆಳ್ವಿಕೆ ಮುಗಿದ ಹೊಸದರಲ್ಲಿ ಕಾಕಾ ಜನರನ್ನು ಆ ಚಿತ್ರಗಳಂತೆಯೇ ನಿಲ್ಲಿಸುತ್ತಿದ್ದರಂತೆ. ಅದಕ್ಕೆಂದು ಚೈನಿಲ್ಲದ ಒಂದು ಸೈಕಲ್ಲು, ಒಳಗೆ ಏನೂ ಇಲ್ಲದ ಒಂದು ರೇಡಿಯೋ ಡಬ್ಬಿ, ನಡೆಯದ ಕೈಗಡಿಯಾರ, ಮತ್ತೆ ಒಂದು ಕರಿ ಕೋಟು. ಅಂಗಿಯಿಲ್ಲದವನೂ ಆ ಕೋಟು ಹಾಕಿ ನಿಂತ. ಆ ಕಾಲದ ಫೋಟೋಗಳನ್ನು ನಂಬಿದರೆ ಸುರಪುರ ತಾಲ್ಲೂಕಿನಲ್ಲಿ ರೇಡಿಯೋ ಇಲ್ಲದ ಮನೆಯೇ ಇರಲಿಲ್ಲ. ಚೂರು ಗಮನಿಸಿ ನೋಡಿದರೆ ಎಲ್ಲರ ಕೋಟಿನ ಎಡ ಜೇಬಿನ ಮೇಲೂ ಅದೇ ಹೊಲಿಗೆ. ಯಾರ ಕಾಲೂ ಕಾಣುವುದಿಲ್ಲ. ಚಪ್ಪಲಿ ಇದ್ದರಲ್ಲವೇ ತೋರಿಸುವುದು.

ಅವ್ವ ಒಮ್ಮೆ ನನ್ನನ್ನು ನೋಡಲು ಬಂದವಳು ಆ ಕೋಟು ಕಂಡು ನಿಂತುಬಿಟ್ಟಳು. ನಾನು ನಾಲ್ಕು ವರ್ಷದವಳಿದ್ದಾಗ ಅಪ್ಪ ತೀರಿಕೊಂಡಿದ್ದ. ಅವನ ಮುಖ ನನಗೆ ನೆನಪಿಲ್ಲ. ಅಪ್ಪ ಮದುವೆಗೆ ಮುಂಚೆ ಜೋಳ ಕೊಯ್ಯಲು ಈ ಕಡೆ ಬಂದಾಗ ಕೋಟು ಹಾಕಿ ಫೋಟೋ ತೆಗೆಸಿಕೊಂಡಿದ್ದನಂತೆ, ಸುಗ್ಗಿ ಮುಗಿದು ವಾಪಸಾದದ್ದರಿಂದ ತರಲಾಗಲಿಲ್ಲ ಎನ್ನುತ್ತಿದ್ದನಂತೆ. "ನಮ್ಮ ಕೇರ್ಯಾಗ ಯಾರೂ ನಂಬಲಿಲ್ರಿ. ನಾನೂ ನಕ್ಕಿದ್ದೆ," ಎಂದಳು ಅವ್ವ.

"ತಗದಿದ್ರ ಇರ್ತದ," ಎಂದರು ಕಾಕಾ.

ಅಲ್ಲಿಂದ ನನ್ನ ಬಚ್ಚಲೂ ಹೋಯಿತು, ಗಿರಾಕಿಗಳ ಫೋಟೋಗಳೂ ನಿಂತವು. ಹಳೆಯ ಗಾಜಿನ ನೆಗೆಟಿವ್‌ಗಳಿದ್ದ ತಗಡಿನ ಟ್ರಂಕುಗಳನ್ನು ಹೊರಗೆಳೆದು, ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡುತ್ತ ಮೂರು ವಾರ ಕುಳಿತರು. ಕೋಟು ಹಾಕಿದ ಪ್ರಾಯದ ಹುಡುಗರನ್ನೆಲ್ಲ ಬೇರೆ ಮಾಡಿ ಸಣ್ಣದಾಗಿ ಅಚ್ಚು ತೆಗೆದರು. ನಾನು ಬೇಸತ್ತು, "ಸಾಕು ಬಿಡ್ರಿ ಕಾಕಾ, ಹೋದವ್ರು ಹೋಗ್ಯಾರ" ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ.

ಅವ್ವ ಮತ್ತೆ ಬಂದಾಗ ಆ ಚಿಕ್ಕ ಫೋಟೋಗಳನ್ನು ಚಾಪೆಯ ಮೇಲೆ ಹರವಿದರು. ಅವಳು ಒಂದೊಂದೇ ಸರಿಸುತ್ತ ಹೋಗಿ ಒಂದರ ಮೇಲೆ ಬೆರಳಿಟ್ಟಳು. ಎಡಗಿವಿಯ ತುದಿ ಹರಿದಿದ್ದ ಒಬ್ಬ ಹುಡುಗ, ಸೈಕಲ್ಲಿನ ಹಿಡಿಕೆಯನ್ನು ಎತ್ತಿನ ಹಗ್ಗದಂತೆ ಬಿಗಿಯಾಗಿ ಹಿಡಿದು ನಿಂತಿದ್ದ. ನನಗಿಂತ ಚಿಕ್ಕವನು.

"ಖರೇನ ಹೇಳಿದ್ದ," ಎಂದಳು.

ಈಗಲಾದರೂ ಕೊಡಬೇಕಲ್ಲ? ಇಲ್ಲ. ದೊಡ್ಡದು ಮಾಡಬೇಕು, ಒಳ್ಳೆಯ ಕಾಗದ ಹೈದರಾಬಾದಿನಿಂದ ಬರಬೇಕು. ನಾಲ್ಕು ತಿಂಗಳ ಮೇಲೆ ಫೋಟೋ ತಯಾರಾಯಿತು, ನೆಟ್ಟಗೆ ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಕುಳಿತಿತು. ಪಕ್ಕದಲ್ಲೇ ಇನ್ನೊಂದು ದೊಡ್ಡ ಫೋಟೋ ಇತ್ತು. ಕಾಲುವೆ ಕೆಳಗಿನ ಒಂದು ಹಳ್ಳಿಯ ಗೌಡರು, ಹೊಲಕ್ಕೆ ನೀರು ಬಂದು ಹೊಸ ಮನೆ ಕಟ್ಟಿಸಿದವರು, ಪಡಸಾಲೆಗೆಂದು ತಮ್ಮ ತೀರಿಹೋದ ತಂದೆಯದನ್ನು ಮಾಡಿಸಿದ್ದರು. ಅದೇ ಕೋಟು, ಅದೇ ಸೈಕಲ್ಲು.

ಗೌಡರು ಬಂದು ನೋಡಿದರು. "ಬಾಜೂಕ ಇರೋನು ಯಾರು?"

"ನಮ್ಮ ಟೀಚರ್ ಅಪ್ಪ. ಕೊಂಕಲ್ದಾವ," ಎಂದರು ಕಾಕಾ.

ಗೌಡರಿಗೆ ನಾನು ಯಾವ ಕೇರಿಯವಳೆಂದು ಗೊತ್ತಿತ್ತು. "ಅದನ್ನ ತೆಗೀರಿ."

"ಚೊಲೋ ಬಂದದ. ಅದಕ್ಕ ಹಾಕೀನಿ. ಬ್ಯಾಡಂದ್ರ ನಿಮ್ಮದನ್ನ ತೆಗೀತೀನಿ."

ಗೌಡರು ಹೋಗುವಾಗ ಮೆಲ್ಲಗೆ ಕೇಳಿದರು: "ಟೀಚರ್ ಯಾವ ಸಾಲ್ಯಾಗ ಅದಾರ?"

ಒಳಗಿದ್ದ ನನಗೆ ಅದು ಕೇಳಿಸಿತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಂದು ಸಂಜೆ ಕಾಕಾನನ್ನು ಬೇಡಿಕೊಂಡೆ: ಫೋಟೋ ನನ್ನದು, ನನಗೆ ಕೊಟ್ಟುಬಿಡಿ. "ತಿಂಗಳ ಆಗ್ಲಿ," ಎಂದರು. ಜಗಳವಾಡಿದೆ. "ನಿಮ್ಮ ಹಟಕ್ಕ ನನ್ನ ಅನ್ನ ಹೋಗ್ತದ" ಎಂದೆ. ಅವರು ಕೋಟಿನ ಧೂಳು ಕೊಡವುತ್ತಿದ್ದರು. ಮರುದಿನ ಬೆಳಿಗ್ಗೆ ಅವರು ಬಚ್ಚಲಲ್ಲಿದ್ದಾಗ ನಾನೇ ಪೆಟ್ಟಿಗೆ ತೆರೆದು ಅಪ್ಪನನ್ನು ಇಳಿಸಿ, ನನ್ನ ಸೀರೆಗಳ ಕೆಳಗೆ ಇಟ್ಟುಬಿಟ್ಟೆ.

ಬೈಯುತ್ತಾರೆಂದುಕೊಂಡಿದ್ದೆ. ಒದ್ದೆ ಕೈಯಲ್ಲೇ ನನ್ನ ಬಾಗಿಲಿಗೆ ಬಂದು ನಿಂತರು. ಎಂದೂ ಇಲ್ಲದಷ್ಟು ಮೆತ್ತಗೆ ಕೇಳಿದರು: "ನಿಮ್ಮಪ್ಪ ಏನ್ ತಪ್ ಮಾಡ್ಯಾನಂತ ಇಳಿಸೀರಿ, ಟೀಚರ್?"

ಶಾಲೆಯಲ್ಲಿ ಅಂದು ಏನು ಪಾಠ ಮಾಡಿದೆನೋ ತಿಳಿಯದು. ಮಧ್ಯಾಹ್ನ ಬಂದು, ಬೀದಿಯ ಜನ ನೋಡುತ್ತಿದ್ದಂತೆಯೇ ಫೋಟೋ ತಿರುಗಿ ಅಲ್ಲೇ ಇಟ್ಟೆ. ಕಾಕಾ ಹೊರಗೆ ಬಂದು ನೋಡಿ, "ಸೊಟ್ಟ ಆಗ್ಯಾದ" ಎಂದು ಬೆತ್ತದಿಂದ ಚೌಕಟ್ಟು ಸರಿ ಮಾಡಿದರು. ಅಷ್ಟೇ.

ಮುಂದಿನ ಸಂತೆಯ ದಿನ ಗೌಡರು ಜೀಪಿನಲ್ಲಿ ಮತ್ತೆ ಬಂದರು, ಜೊತೆಗೆ ಅವರ ತಾಯಿ. ಮುದುಕಿ ಮಗನ ಕೈ ಬಿಡಿಸಿಕೊಂಡು ಪೆಟ್ಟಿಗೆಯ ಮುಂದೆ ಹೋಗಿ ಗಂಡನ ಫೋಟೋವನ್ನೇ ನೋಡಿದಳು. "ಈ ಕೋಟ್ ಇವರಿಗಿ ಬಿಗಿ ಇತ್ತು," ಎಂದಳು ಯಾರಿಗೆಂದಲ್ಲದೆ. "ಗುಂಡಿ ಕೂಡಲಿಲ್ಲ. ಅದಕ್ಕ ನೋಡ್ರಿ, ಕೈ ಅಡ್ಡ ಹಿಡದಾರ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಈ ಹುಡುಗಗ ಚಂದ ಕುಂತದ."

ಮಗ ಏನೋ ಹೇಳಲು ಹೋದರು. "ಇರ್ಲಿ ಬಿಡಪ್ಪ. ಅವನೇನ್ ನಮ್ಮ ಮನಿಯಾಗ ಬಂದು ನಿಂತಾನ?" ಎಂದು ಮುದುಕಿ, ತಿಂಗಳು ತುಂಬಿದ್ದ ಗಂಡನ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಜೀಪು ಹತ್ತಿದಳು. ಆ ಮಾತಿನ ಹೇಳದ ಅರ್ಧ, ಮನೆಯೊಳಗಾದರೆ ಆಗದು ಎಂಬುದು, ನನಗೆ ಚುಚ್ಚದೆ ಇರಲಿಲ್ಲ.

ನನ್ನ ನೌಕರಿಗೇನೂ ಆಗಲಿಲ್ಲ. ಆದರೆ ಗೌಡರ ಕಡೆಯವರು ಯಾರೂ ಮತ್ತೆ ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಬಂದಿದ್ದ ಕಲರ್ ಸ್ಟುಡಿಯೋಗೆ ಹೋದರು. ನಾನು ಕೊರಗಿದಾಗಲೆಲ್ಲ ಕಾಕಾ, "ಕಲರ್‌ದಾಗ ಎಲ್ಲಾರೂ ಕಾಮಾಲಿ ಆದಂಗ ಕಾಣ್ತಾರ, ಹೋಗ್ಲಿ ಬಿಡ್ರಿ" ಎನ್ನುತ್ತಿದ್ದರು. ತಿಂಗಳು ತುಂಬಿದ ದಿನ ಅಪ್ಪನ ಫೋಟೋ ಕೈಗೆ ಬಂತು, ಒಂದು ದಿನ ಮೊದಲಲ್ಲ. ಅವ್ವ ಅದನ್ನು ಬುದ್ಧನ ಪಟದ ಪಕ್ಕದಲ್ಲಿ ಹಾಕಿ, ನೋಡಬನ್ನಿ ಎಂದು ಕೇರಿಯ ಮನೆಮನೆಗೂ ಹೋಗಿ ಕರೆದಳು. ಸುಳ್ಳನೆಂದು ನಕ್ಕಿದ್ದವರಲ್ಲಿ ಬದುಕಿದ್ದವರೆಲ್ಲ ಬಂದರು.

ನನಗೆ ಯಾದಗಿರಿಗೆ ವರ್ಗವಾದ ಮೇಲೆ ಸ್ಟುಡಿಯೋ ಮುಚ್ಚಿತು. ಕಾಕಾ ಶಹಾಪುರದಲ್ಲಿದ್ದ ಮಗಳ ಮನೆ ಸೇರಿದರು. ಕಾಯಿಲೆಯೆಂದು ಕೇಳಿ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ: ನಿಮ್ಮಿಂದ ನನಗೆ ಅಪ್ಪ ಸಿಕ್ಕ, ಅವನನ್ನು ಬಚ್ಚಿಡದೆ ಇರುವುದನ್ನೂ ನೀವೇ ಕಲಿಸಿದಿರಿ ಎಂದು. ಕಿಟಕಿಗೆ ಬೆನ್ನು ಮಾಡಿ ಮಂಚದ ಪಕ್ಕ ನಿಂತು, "ಕಾಕಾ, ಒಂದ್ ಮಾತ್ ಹೇಳೂದಿತ್ರಿ" ಎಂದೆ.

"ಮೊದಲ ಆ ಕಡಿ ಸರೀರಿ," ಎಂದರು ಸಣ್ಣ ದನಿಯಲ್ಲಿ. "ಬೆಳಕಿಗಿ ಅಡ್ಡ ನಿಂತೀರಿ. ಮಾರಿ ಕಾಣವಲ್ದು."

ಸಿಟ್ಟು ಬಂತು, ನಗುವೂ ಬಂತು. ಮಂಚದ ಆಚೆ ಬದಿಗೆ ಹೋಗಿ ನಿಂತೆ. ಬಹಳ ಹೊತ್ತು ನನ್ನನ್ನು ನೋಡಿದರು. ಹಾಗೆಯೇ ಕಣ್ಣು ಮುಚ್ಚಿ ನಿದ್ದೆಹೋದರು. ಕೊನೆಯ ಬಸ್ಸಿನ ಹೊತ್ತಿನವರೆಗೆ ಕುಳಿತೆ, ಅವರು ಏಳಲಿಲ್ಲ. ನಾಲ್ಕನೆಯ ದಿನ ಸುದ್ದಿ ಬಂತು. ಹೇಳಬೇಕೆಂದು ಹೋದದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.