ಕಾಕಾ ಸಹಿ ಹಾಕಿದ ದಿನ

ಮಹಾಜನರೇ, ಪಶ್ಚಾತ್ತಾಪದಿಂದ ಒಪ್ಪಿಕೊಳ್ಳುತ್ತೇನೆ: ಅಜ್ಜಿ ಹೀರೆಬೀಜ ತುಂಬಿಟ್ಟಿದ್ದ ಒಣ ಸೋರೆಬುರುಡೆ ಕದ್ದವನು ನಾನೇ. ಇದು ಬಿಟ್ಟ ಬುರುಡೆಯಲ್ಲ, ಕದ್ದ ಬುರುಡೆ. ಇವತ್ತು ಬಾಗಲಕೋಟೆಯ ಈಜುಕೊಳದಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಹತ್ತಿದ್ದೇ ಶಿರೂರಿನ ನಮ್ಮ ಬಾವಿಯ ಪಾಚಿ ವಾಸನೆ ನೆನಪಾಗಿ, ಹೇಳದೆ ಇರಲಾಗಲಿಲ್ಲ.

ಮುಳುಗದಂತೆ ಆ ಬುರುಡೆ ಬೆನ್ನಿಗೆ ಕಟ್ಟಿಕೊಂಡೇ ಕಾಕಾನ ಮಗಳು ಶಾಂತಾ ಈಜು ಕಲಿತಳು. ಪೋಲಿಯೊದಿಂದ ಅವಳ ಒಂದು ಕಾಲು ಸೊರಗಿತ್ತು. ಅಂಗವಿಕಲರ ಈಜು ಸ್ಪರ್ಧೆಯ ಅರ್ಜಿ ಬಂದ ದಿನ, ಸಹಿ ಹಾಕಬೇಕಾದ ಕಾಕಾ ಬಾವಿಯ ಸುತ್ತ ತಿರುಗಿದ್ದೇ ತಿರುಗಿದ್ದು. ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು.

“ನೆಟ್ಟಗ ನಡಿಯಾಕ ಬರಲ್ಲ. ನೀರಾಗ ಬಿದ್ರ?”

“ಬೀಳೂದು ನೆಲದ ಮ್ಯಾಲ ಅಪ್ಪಾ. ನೀರಾಗ ಎಲ್ಲಿ ಬೀಳ್ಲಿ?” ಎಂದಳು ಶಾಂತಾ, ಬಾವಿಯೊಳಗಿಂದಲೇ.

“ನಾ ಜೋಡಿ ಹೋಗ್ತೇನಿ ಕಾಕಾ. ಮುಳುಗಿದ್ರ ಜಿಗದು ಎತ್ಕೊಂಡ ಬರ್ತೇನಿ,” ಎಂದೆ ನಾನು.

ಶಾಂತಾ ನನ್ನನ್ನೇ ನೋಡಿದಳು. ಕಾಕಾ ಸಹಿ ಹಾಕಿದರು. ಮುಂದೆ ಅವಳು ರಾಜ್ಯಕ್ಕೆ ಪದಕಗಳನ್ನು ತಂದಳು. ಆ ಪದಕಗಳೆಲ್ಲ ನನ್ನ ಒಂದು ಮಾತಿನ ಮೇಲೆ ನಿಂತಿವೆ ಎಂದು ನಾನು ಮದುವೆ ಮನೆಗಳಲ್ಲಿ ಹೇಳುತ್ತ ಬಂದಿದ್ದೇನೆ.

ಈಗ ಅವಳು ಈ ಈಜುಕೊಳದಲ್ಲಿ ತರಬೇತಿ ಕೊಡುತ್ತಾಳೆ. ಇವತ್ತು ಹೊಸಬರ ಸಾಲಿನಲ್ಲಿ, ಸೊಂಟಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತಿದ್ದವನು ನಾನು.

“ಕಂಬಿ ಬಿಡೋ ಅಣ್ಣಾ,” ಎಂದಳು.

ಬಿಡಲಿಲ್ಲ. ಕಾಕಾ ಸಹಿ ಹಾಕಿದ ದಿನವೂ ನನಗೆ ಈಜು ಬರುತ್ತಿರಲಿಲ್ಲ.